ಬೆಲೆ ಬರೆದರು, ಸಕ್ಕರೆ ಬರೆಯಲಿಲ್ಲ!

ನಮ್ಮ ರಾರಾವಿ, ಸಿರುಗುಪ್ಪದ ಕಡೆ ಹೋಟೆಲಿಗೆ ಹೋಗಿ ಕೂತರೆ ಮೆನು ಕಾರ್ಡು ತಂದುಕೊಡುವವರು ಕಡಿಮೆ. ಹೆಗಲ ಮೇಲೆ ವಸ್ತ್ರ ಹಾಕಿಕೊಂಡ ಹುಡುಗ ಬಂದು ನೀರಿನ ಲೋಟ ಇಡುತ್ತಾನೆ. "ಇಡ್ಲಿ, ವಡೆ, ಪೂರಿ, ಒಗ್ಗರಣಿ, ಮಿರ್ಚಿ, ಸಿರಾ, ಚಾ..." ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾನೆ. ಅವನ ಬಾಯೇ ನಮಗೆ ಮೆನು ಕಾರ್ಡು! ಗೋಡೆಗೆ ಒಂದು ಬೋರ್ಡು ತೂಗುಹಾಕಿದ್ದರೆ ಅದರಲ್ಲಿ ತಿಂಡಿಯ ಹೆಸರು, ಎದುರಿಗೆ ರೂಪಾಯಿ. ಅಷ್ಟೇ. ಒಂದು ಲೋಟ ಚಹಾದಲ್ಲಿ ಎಷ್ಟು ಚಮಚ ಸಕ್ಕರೆ ಬಿದ್ದಿದೆ, ಒಂದು ಪ್ಲೇಟು ಸಿರಾದಲ್ಲಿ ಎಷ್ಟಿದೆ ಎಂದು ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ.

ಇದೇನು ಹೊಸ ಪುರಾಣ, ತಿನ್ನುವ ತಿಂಡಿಗೂ ಲೆಕ್ಕವೇ ಎಂದು ನೀವು ನಗಬಹುದು. ಆದರೆ ನಮ್ಮ ಸುತ್ತಮುತ್ತ ಒಮ್ಮೆ ನೋಡಿ. ಸಕ್ಕರೆ ಕಾಯಿಲೆ ಇಲ್ಲದ ಮನೆ ಹುಡುಕುವುದೇ ಕಷ್ಟವಾಗುತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ದೊಡ್ಡ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಇವರೆಲ್ಲ ಪಟ್ಟಣದ ಶ್ರೀಮಂತರೇ ಎಂದುಕೊಳ್ಳಬೇಡಿ. ಭತ್ತದ ಗದ್ದೆಯಲ್ಲಿ ಬೆವರು ಸುರಿಸುವವರಿಗೂ ಈ ಕಾಯಿಲೆ ಬಿಟ್ಟಿಲ್ಲ.

ಸಕ್ಕರೆಯೊಂದೇ ಈ ಕಾಯಿಲೆಗೆ ಕಾರಣವಲ್ಲ ನಿಜ. ಮೈತೂಕ, ವಂಶ, ಮೈ ಬಗ್ಗಿಸದ ಕೆಲಸ, ಮೂರು ಹೊತ್ತೂ ಅನ್ನ, ಎಲ್ಲವೂ ಸೇರುತ್ತವೆ. ಆದರೆ ಬಂದ ಮೇಲೆ ಸಕ್ಕರೆ ಎಣಿಸದೆ ವಿಧಿಯಿಲ್ಲ. ಬಾರದಂತೆ ನೋಡಿಕೊಳ್ಳುವವರೂ ಎಣಿಸಿದರೆ ಒಳ್ಳೆಯದು. ಮನೆಯ ಡಬ್ಬಿ ನಮ್ಮ ಕೈಯಲ್ಲೇ ಇದೆ, ಹೇಗೋ ಎಣಿಸಬಹುದು. ಹೋಟೆಲಿನ ಡಬ್ಬಿಯನ್ನು ಎಣಿಸುವವರು ಯಾರು?

ಕಾನೂನು ಬಂದಿದೆ, ನಮ್ಮೂರಿಗಲ್ಲ

2022ರ ಜುಲೈ 1ರಿಂದ ನಮ್ಮ ದೇಶದಲ್ಲಿ ಒಂದು ನಿಯಮ ಜಾರಿಯಲ್ಲಿದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಮಾಡಿದ್ದು. ಕೇಂದ್ರದ ಲೈಸೆನ್ಸು ಇರುವ ಹೋಟೆಲುಗಳು, ಇಲ್ಲವೇ ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ತಮ್ಮ ಮೆನುವಿನಲ್ಲಿ ಪ್ರತಿ ತಿಂಡಿಯ ಎದುರಿಗೂ ಅದರಲ್ಲಿ ಎಷ್ಟು ಕ್ಯಾಲೊರಿ ಇದೆ, ಒಂದು ಸಲಕ್ಕೆ ಎಷ್ಟು ಬಡಿಸುತ್ತಾರೆ ಎಂದು ಬರೆಯಬೇಕು. ಜೊತೆಗೆ, ಚಟುವಟಿಕೆಯಿಂದಿರುವ ವಯಸ್ಕರಿಗೆ ದಿನಕ್ಕೆ ಸರಾಸರಿ 2000 ಕ್ಯಾಲೊರಿ ಬೇಕು, ಇದು ಒಬ್ಬೊಬ್ಬರಿಗೆ ಒಂದೊಂದು ತೆರ ಎಂಬ ಮಾತೂ ಕಾಣುವಂತಿರಬೇಕು.

ಒಳ್ಳೆಯದೇ. ಆದರೆ ಇದರಲ್ಲಿ ಎರಡು ಕೊರತೆಗಳಿವೆ. ಒಂದು, ಊರಿಗೊಂದು ಇರುವ ನಮ್ಮ ಒಗ್ಗರಣಿ-ಮಿರ್ಚಿ ಹೋಟೆಲು, ಬಸ್‌ಸ್ಟ್ಯಾಂಡಿನ ಚಹಾದಂಗಡಿ, ಖಾನಾವಳಿ, ಬೇಕರಿ, ಇವ್ಯಾವುವೂ ಆ ಲೆಕ್ಕಕ್ಕೆ ಬರುವುದಿಲ್ಲ. ಎರಡನೆಯದು, ಅಲ್ಲಿ ಬರೆಯಬೇಕಾದದ್ದು ಕ್ಯಾಲೊರಿ. ಸಕ್ಕರೆ ಎಷ್ಟು ಎಂದು ಬರೆಯಲೇಬೇಕೆಂದು ಆ ನಿಯಮ ಹೇಳುವುದಿಲ್ಲ.

ಪ್ಯಾಕೆಟ್ಟಿನಲ್ಲಿ ಬರುವ ಬಿಸ್ಕತ್ತು, ಬಾಟಲಿ ಪಾನೀಯಗಳಿಗಾದರೆ ಬೇರೆ ನಿಯಮ. ಅವುಗಳ ಹಿಂಬದಿಯಲ್ಲಿ ಒಟ್ಟು ಸಕ್ಕರೆ ಎಷ್ಟು, ಮೇಲಿಂದ ಹಾಕಿದ ಸಕ್ಕರೆ ಎಷ್ಟು ಎಂದು ಗ್ರಾಂ ಲೆಕ್ಕದಲ್ಲಿ ಹಾಕಿರುತ್ತಾರೆ. ದಿನಕ್ಕೆ 50 ಗ್ರಾಂ ಮಿತಿ ಎಂದಿಟ್ಟುಕೊಂಡು ಅದರಲ್ಲಿ ನೂರಕ್ಕೆ ಎಷ್ಟು ಪಾಲು ಎಂದೂ ತೋರಿಸುತ್ತಾರೆ. ಐದು ರೂಪಾಯಿ ಬಿಸ್ಕತ್ತಿಗೆ ಇರುವ ಈ ಲೆಕ್ಕ ಐವತ್ತು ರೂಪಾಯಿಯ ಮಿಲ್ಕ್‌ಶೇಕಿಗೆ ಇಲ್ಲ!

ಕ್ಯಾಲೊರಿ ಬರೆದರೆ ಸಕ್ಕರೆಯನ್ನೂ ಬರೆದಂತೆಯೇ ಅಲ್ಲವೇ ಎಂದು ಕೇಳಬಹುದು. ಅಲ್ಲ. ಒಂದು ಗ್ರಾಂ ಸಕ್ಕರೆಗೆ ನಾಲ್ಕು ಕ್ಯಾಲೊರಿ. ಏಳೆಂಟು ಚಮಚ ಸಕ್ಕರೆ ಹಾಕಿದ ಒಂದು ಲೋಟ ಶರಬತ್ತಿನ ಕ್ಯಾಲೊರಿಯೂ ಒಂದು ಸಾದಾ ದೋಸೆಯ ಕ್ಯಾಲೊರಿಯೂ ಹೆಚ್ಚುಕಡಿಮೆ ಒಂದೇ ಬರಬಹುದು. ಅಂಕಿ ಒಂದೇ ಆಯಿತೆಂದು ಎರಡೂ ಒಂದೇ ಆದೀತೆ? ದೋಸೆಯಲ್ಲಿ ಉದ್ದಿನಬೇಳೆ ಇದೆ, ಹೊಟ್ಟೆ ತುಂಬುತ್ತದೆ. ಶರಬತ್ತು ಗಂಟಲಲ್ಲಿ ಇಳಿದಷ್ಟೇ ಬೇಗ ರಕ್ತಕ್ಕೆ ಸೇರುತ್ತದೆ, ಅರ್ಧ ಗಂಟೆಗೆ ಮತ್ತೆ ಹಸಿವು.

ಕಣ್ಣು ಮೊದಲು ಹೋಗುವುದು ಎಲ್ಲಿಗೆ?

ಬರೆದರೆ ಜನ ಓದುತ್ತಾರೆಯೇ? ಓದಿದರೆ ಕೇಳುವ ತಿಂಡಿ ಬದಲಾಗುತ್ತದೆಯೇ? ಇದೇ ಮುಖ್ಯ ಪ್ರಶ್ನೆ.

ನಮ್ಮ ನಾದಿನಿಯ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಅವರಪ್ಪ ಅಮ್ಮ ಹೋದಾಗ ಒಂದು ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋಗಿದ್ದಳಂತೆ. ಮೆನುವಿನಲ್ಲಿ ತಿಂಡಿಯ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ ಕ್ಯಾಲೊರಿ, ಬಲಕ್ಕೆ ಬೆಲೆ. ಊರಿಗೆ ಬಂದ ಮೇಲೆ ನಾದಿನಿ ಹೇಳಿದ್ದು ಹೀಗೆ: "ಅತ್ತಿಗೀ, ಒಂದು ದ್ವಾಸಿಗೆ ಅಷ್ಟು ರೊಕ್ಕ ಅಂತ ನೋಡಿ ನಮ್ಮ ಎದಿ ಹೊಡಕೊಂಡಿತು. ಆ ಸಣ್ಣ ಅಕ್ಷರ ಯಾರು ಓದ್ತಾರ?" ಮಾತು ನಿಜ. ಹೊರಗೆ ತಿನ್ನಲು ಹೋದವರ ಕಣ್ಣು ಮೊದಲು ಬೆಲೆಗೆ, ಆಮೇಲೆ ಪಕ್ಕದವರ ತಟ್ಟೆಗೆ. ಅಂಕಿ ಅಂಶಕ್ಕೆ ಸರದಿ ಬರುವುದು ಕೊನೆಗೆ!

ಹೊರದೇಶಗಳಲ್ಲಿ ಇದನ್ನು ಅಳೆದು ನೋಡಿದ್ದಾರೆ. ನ್ಯೂಯಾರ್ಕ್ ನಗರದ ದೊಡ್ಡ ಹೋಟೆಲುಗಳು 2008ರಿಂದಲೇ ಮೆನುವಿನಲ್ಲಿ ಕ್ಯಾಲೊರಿ ಬರೆಯುತ್ತಿವೆ. ಇಡೀ ಅಮೆರಿಕದಲ್ಲಿ 2018ರಿಂದ, ಇಂಗ್ಲೆಂಡಿನಲ್ಲಿ 2022ರಿಂದ ಈ ಪದ್ಧತಿ ಬಂದಿದೆ. ಇಂಥ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಕಾಕ್ರೇನ್ ಎಂಬ ಹೆಸರಾಂತ ಸಂಸ್ಥೆ 2025ರ ಜನವರಿಯಲ್ಲಿ ಒಂದು ವರದಿ ಪ್ರಕಟಿಸಿತು. ಕ್ಯಾಲೊರಿ ಬರೆದಾಗ ಜನ ಆರಿಸುವ ಆಹಾರದಲ್ಲಿ ಸರಾಸರಿ ಶೇಕಡಾ 1.8ರಷ್ಟು ಕ್ಯಾಲೊರಿ ಕಡಿಮೆಯಾಗುತ್ತದಂತೆ. 600 ಕ್ಯಾಲೊರಿಯ ಊಟದಲ್ಲಿ ಬರೀ 11 ಕ್ಯಾಲೊರಿ! ಸಕ್ಕರೆಗೆ ಹೋಲಿಸಿದರೆ ಪೂರ್ತಿ ಒಂದು ಚಮಚವೂ ಆಗುವುದಿಲ್ಲ. ಅಯ್ಯೋ, ಇಷ್ಟಕ್ಕೆ ಇಷ್ಟೆಲ್ಲ ಗದ್ದಲವೇ ಎನಿಸುತ್ತದೆ. ಆದರೆ ದಿನಾಲೂ ಹೊರಗೆ ತಿನ್ನುವ ಲಕ್ಷಾಂತರ ಜನರಲ್ಲಿ ಆ ಚೂರು ಚೂರೇ ಕೂಡಿದರೆ ಲಾಭವಿದೆ ಎಂದು ಆ ತಜ್ಞರ ಮಾತು.

ಅಂಕಿಗಿಂತ ಬಣ್ಣ, ಬಣ್ಣಕ್ಕಿಂತ ಕೈಗೆಟುಕುವುದು

ಅದೇ ವಿಷಯವನ್ನು ಸರಳವಾಗಿ ತೋರಿಸಿದರೆ ಕತೆ ಬೇರೆ. ಅಮೆರಿಕದ ಬೋಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಕ್ಯಾಂಟೀನಿನಲ್ಲಿ 2010ರಲ್ಲಿ ಒಂದು ಪ್ರಯೋಗ ನಡೆಯಿತು. ಅಂಕಿ ಬರೆಯುವ ಬದಲು ರಸ್ತೆಯ ಸಿಗ್ನಲ್ ದೀಪದಂತೆ ಎಲ್ಲ ಪದಾರ್ಥಗಳಿಗೂ ಬಣ್ಣದ ಚೀಟಿ ಅಂಟಿಸಿದರು. ಒಳ್ಳೆಯದಕ್ಕೆ ಹಸಿರು, ನಡುವಿನದಕ್ಕೆ ಹಳದಿ, ಕಡಿಮೆ ಮಾಡಿ ಎನ್ನುವುದಕ್ಕೆ ಕೆಂಪು. ಕೆಂಪು ಚೀಟಿಯ ಪಾನೀಯಗಳ ಮಾರಾಟ ಶೇಕಡಾ 16.5ರಷ್ಟು ಇಳಿಯಿತು. ಆಮೇಲೆ ಎರಡನೆಯ ಹೆಜ್ಜೆಯಾಗಿ ನೀರಿನ ಬಾಟಲಿಗಳನ್ನು ಕಣ್ಣಿನ ಮಟ್ಟದಲ್ಲಿ, ಕೈಗೆ ಸಿಗುವ ಹಾಗೆ ಜೋಡಿಸಿದರು. ಕೆಂಪು ಪಾನೀಯ ಇನ್ನೂ ಶೇಕಡಾ 11.4ರಷ್ಟು ಇಳಿಯಿತು, ನೀರಿನ ಮಾರಾಟ ಶೇಕಡಾ 25.8ರಷ್ಟು ಏರಿತು.

ಇದರಲ್ಲಿ ಗೃಹಿಣಿಯರಿಗೆ ತಿಳಿಯದ್ದೇನೂ ಇಲ್ಲ ನೋಡಿ. ಕಾರ, ಚಕ್ಕುಲಿಯ ಡಬ್ಬಿಯನ್ನು ಮೇಲಿನ ಅಟ್ಟಕ್ಕೆ ಇಟ್ಟು, ಬಾಳೆಹಣ್ಣು, ಶೇಂಗಾ ಕೈಗೆ ಸಿಗುವ ಹಾಗಿಟ್ಟರೆ ಮಕ್ಕಳು ಯಾವುದನ್ನು ತಿನ್ನುತ್ತಾರೆಂದು ನಮಗೆ ಗೊತ್ತಿಲ್ಲವೇ?

ಸಕ್ಕರೆಯನ್ನೇ ಗುರಿಯಾಗಿಟ್ಟುಕೊಂಡ ನಿಯಮಗಳೂ ಈಚೆಗೆ ಬಂದಿವೆ. ಹದಿನೈದು ಅಥವಾ ಹೆಚ್ಚು ಶಾಖೆಗಳಿರುವ ಹೋಟೆಲುಗಳಲ್ಲಿ ಯಾವ ತಿಂಡಿಯಲ್ಲಿ 50 ಗ್ರಾಂಗಿಂತ ಹೆಚ್ಚು ಸಕ್ಕರೆ ಹಾಕಿದ್ದಾರೋ ಅದರ ಪಕ್ಕ ಒಂದು ಎಚ್ಚರಿಕೆಯ ಗುರುತು ಇರಬೇಕೆಂದು ನ್ಯೂಯಾರ್ಕ್ ನಗರ 2023ರಲ್ಲಿ ಕಾಯಿದೆ ಮಾಡಿತು. ಸಿಂಗಪುರದಲ್ಲಂತೂ ಪಾನೀಯಗಳಿಗೆ ಪರೀಕ್ಷೆಯ ಅಂಕಪಟ್ಟಿಯಂತೆ ಎ, ಬಿ, ಸಿ, ಡಿ ಎಂಬ ದರ್ಜೆ ಕೊಡುತ್ತಾರೆ. 100 ಮಿಲಿಲೀಟರಿನಲ್ಲಿ 10 ಗ್ರಾಂಗಿಂತ ಹೆಚ್ಚು ಸಕ್ಕರೆಯಿದ್ದರೆ ಡಿ. ಬಾಟಲಿ ಪಾನೀಯಗಳಿಗೆ 2022ರ ಡಿಸೆಂಬರ್ 30ರಿಂದ, ಅಂಗಡಿಯಲ್ಲೇ ಬೆರೆಸಿ ಕೊಡುವ ಚಹಾ, ಕಾಫಿ, ಜ್ಯೂಸುಗಳಿಗೆ 2023ರ ಡಿಸೆಂಬರ್ 30ರಿಂದ ಈ ನಿಯಮ ಬಂತು. ಸಿ ಮತ್ತು ಡಿ ದರ್ಜೆಯವುಗಳಿಗೆ ದೊಡ್ಡ ಅಂಗಡಿಗಳವರು ಮೆನುವಿನಲ್ಲೇ ಆ ಗುರುತು ಹಾಕಬೇಕು. ಡಿ ದರ್ಜೆಯ ಪಾನೀಯಕ್ಕೆ ಜಾಹೀರಾತು ಕೊಡುವಂತಿಲ್ಲ!

ಇದರ ಫಲವೇನು? ಕೊಳ್ಳುವವರು ಬದಲಾಗುವ ಮೊದಲು ಮಾಡುವವರು ಬದಲಾದರು. ಡಿ ಎಂಬ ಹಣೆಪಟ್ಟಿ ಹಚ್ಚಿಕೊಂಡು ಅಂಗಡಿಯಲ್ಲಿ ನಿಲ್ಲಲು ಯಾವ ಕಂಪನಿಗೆ ತಾನೇ ಇಷ್ಟ? ನಿಯಮ ಬರುತ್ತದೆಂದು ಗೊತ್ತಾದಾಗಿನಿಂದಲೇ ಸಕ್ಕರೆ ಇಳಿಸತೊಡಗಿದರು. ಅಲ್ಲಿ ಮಾರುವ ಪ್ಯಾಕೆಟ್ ಪಾನೀಯಗಳ ಸಕ್ಕರೆಯ ಮಟ್ಟ 2017ರಲ್ಲಿ ಶೇಕಡಾ 7.1 ಇದ್ದದ್ದು 2023ರ ಹೊತ್ತಿಗೆ 4.6ಕ್ಕೆ ಬಂತು. ಚೀಟಿಯನ್ನು ಓದದವರ ಹೊಟ್ಟೆಗೂ ಸಕ್ಕರೆ ಕಡಿಮೆ ಹೋಯಿತು! ಗಿರಾಕಿ ಓದಲಿ ಬಿಡಲಿ, ಬರೆಯಬೇಕಾದರೆ ಅಡಿಗೆಯವನು ಮೊದಲು ಅಳೆಯಲೇಬೇಕಲ್ಲ. ಅಳೆದ ಕೈ ತಾನಾಗಿಯೇ ಹಿಡಿತಕ್ಕೆ ಬರುತ್ತದೆ.

"ಸಕ್ರಿ ಬ್ಯಾಡ" ಎನ್ನುವುದು ಅಷ್ಟು ಸುಲಭವೇ?

ಬೋರ್ಡು ಗೀರ್ಡು ಏನೂ ಬೇಡ, ಸಕ್ಕರೆ ಬೇಡದವರು ಬಾಯಿಬಿಟ್ಟು ಹೇಳಿದರಾಯಿತು ಎನ್ನುವವರಿದ್ದಾರೆ. ಹೇಳುವುದು ಅಷ್ಟು ಸುಲಭವಲ್ಲ ಸಹೋದರಿಯರೇ.

ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಯಿತು. ಮನೆಯಲ್ಲಿ ಬೆಳಿಗ್ಗೆ ಸಂಜೆ ಸಕ್ಕರೆಯಿಲ್ಲದ ಚಹಾವನ್ನೇ ಕುಡಿಯುತ್ತಾರೆ, ಒಂದು ದಿನವೂ ಮುಖ ಸಿಂಡರಿಸಿದವರಲ್ಲ. ಆದರೆ ಭತ್ತ ಮಾರಲು ಹೋದಾಗ ದಲ್ಲಾಳಿ ಅಂಗಡಿಯಲ್ಲಿ ನಾಲ್ಕು ಜನರ ಜೊತೆ ಕೂತಿರುತ್ತಾರೆ. ಎದುರಿನ ಹೋಟೆಲಿನಿಂದ ಚಹಾ ಬರುತ್ತದೆ. ಅಲ್ಲಿ "ನನಗ ಸಕ್ರಿ ಬ್ಯಾಡ" ಎಂದರೆ ಮುಗಿಯಿತು. "ಯಾಕ್ರೀ, ಶುಗರ್ ಐತೇನು? ಎಷ್ಟೈತಿ? ಯಾವಾಗ ಬಂತು? ಹಾಗಲಕಾಯಿ ರಸ ಕುಡೀರಿ, ನಮ್ಮ ಮಾವಗ ಹಂಗ ಹೋಯ್ತು..." ವ್ಯಾಪಾರದ ಮಾತು ಬಿಟ್ಟು ಇವರ ಕಾಯಿಲೆಯ ಪಂಚಾಯಿತಿ ಶುರು! ಆ ತಾಪತ್ರಯವೇ ಬೇಡವೆಂದು ಸುಮ್ಮನೆ ಕುಡಿದು ಬಿಡುತ್ತಾರೆ. ದಿನಕ್ಕೆ ಅಂಥವು ಮೂರು ನಾಲ್ಕು ಲೋಟ ಸೇರಿದರೆ ಮನೆಯ ಪಥ್ಯವೆಲ್ಲ ನೀರಿನಲ್ಲಿ ಹೋಮ.

ಹೆಂಗಸರ ಪಾಡು ಇನ್ನೂ ಕಷ್ಟ. ಮದುವೆಯಾಗದ ಹುಡುಗಿ ನೆಂಟರ ಮನೆಯಲ್ಲಿ "ನನಗೆ ಸಕ್ಕರೆ ಬೇಡ" ಎನ್ನಲಿ ನೋಡೋಣ. ಸಂಜೆಯೊಳಗೆ ಊರಿಗೆಲ್ಲ ಸುದ್ದಿ. "ಆ ಹುಡುಗಿಗೆ ಏನೋ ಐತಂತ." ಹೊಸ ಸೊಸೆಗೆ ಅತ್ತೆಯ ಮನೆಯಲ್ಲಿ ಬೇಡ ಎನ್ನಲು ಭಯ. ಬಸಿರಿನಲ್ಲಿ ಸಕ್ಕರೆ ಏರಿದವಳಿಗೆ, "ಬಸುರಿ ಹೆಂಗಸು, ಸಿಹಿ ತಿನ್ನಬೇಕು" ಎಂದು ಬಾಯಿಗಿಡುವವರ ಕೈ ತಡೆಯಲು ಸಂಕೋಚ.

ಬೋರ್ಡಿನ ಮೇಲಿನ ಒಂದು ಸಾಲಿಗೆ ನಿಜವಾದ ಬೆಲೆ ಇರುವುದು ಇಲ್ಲಿ ಎಂದು ನನಗನ್ನಿಸುತ್ತದೆ. "ಚಹಾ", ಅದರ ಕೆಳಗೆ "ಸಕ್ಕರೆ ಇಲ್ಲದ ಚಹಾ" ಎಂದು ಬರೆದಿದ್ದರೆ ಅದೂ ಇಡ್ಲಿ ವಡೆಯಂತೆ ಒಂದು ಪದಾರ್ಥವಾಯಿತು. ಅದನ್ನು ಕೇಳಿದವರು ರೋಗಿಗಳಲ್ಲ, ಗಿರಾಕಿಗಳು! ಯಾಕೆ ಎಂದು ಯಾರೂ ಕೇಳುವುದಿಲ್ಲ. ಸಿಂಗಪುರದ ಕಾಫಿ ಅಂಗಡಿಗಳಲ್ಲಿ ಇದಕ್ಕೆಂದೇ ಮಾತುಗಳಿವೆ. ಸಕ್ಕರೆ ಬೇಡವಾದರೆ "ಕೊಸೊಂಗ್", ಕಡಿಮೆ ಸಾಕಾದರೆ "ಸಿಯು ದಾಯ್" ಎಂದರಾಯಿತು. ನಮ್ಮಲ್ಲಿ ಒಂದು ಚಹಾವನ್ನು ಇಬ್ಬರು ಹಂಚಿಕೊಳ್ಳಲು "ಬೈಟು" ಎನ್ನುವುದಿಲ್ಲವೇ? ಆ ಮಾತು ಹುಟ್ಟಿದ ಮೇಲೆ ಅರ್ಧ ಚಹಾ ಕೇಳಲು ಯಾರಿಗೂ ನಾಚಿಕೆಯಿಲ್ಲ. ಹಾಗೆಯೇ ಸಕ್ಕರೆಗೂ ಒಂದು ಮಾತು ಬೇಕಾಗಿದೆ.

ಶಾಲೆಗೆ ಬಂದ ಸಕ್ಕರೆ ಬೋರ್ಡು

ನಮ್ಮ ದೇಶದಲ್ಲೂ ಗಾಳಿ ಬೀಸತೊಡಗಿದೆ. 2025ರ ಮೇ ತಿಂಗಳಲ್ಲಿ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ, ಅಂದರೆ ಸಿಬಿಎಸ್‌ಇ, ತನ್ನ ಶಾಲೆಗಳಿಗೆಲ್ಲ "ಸಕ್ಕರೆ ಬೋರ್ಡು" ಹಾಕಲು ಸೂಚಿಸಿತು. ದಿನಕ್ಕೆ ಎಷ್ಟು ಸಕ್ಕರೆ ಸಾಕು, ಮಕ್ಕಳು ಸಾಮಾನ್ಯವಾಗಿ ತಿನ್ನುವ ತಿಂಡಿ, ಪಾನೀಯಗಳಲ್ಲಿ ಎಷ್ಟಿದೆ, ಹೆಚ್ಚಾದರೆ ಏನು ತೊಂದರೆ, ಬದಲಿಗೆ ಏನು ತಿನ್ನಬಹುದು ಎಂದು ಅದರಲ್ಲಿ ತೋರಿಸಬೇಕು. ಮಕ್ಕಳ ದಿನದ ಕ್ಯಾಲೊರಿಯಲ್ಲಿ ಸಕ್ಕರೆಯ ಪಾಲು ಶೇಕಡಾ 5 ಇರಬೇಕಾದದ್ದು, 4ರಿಂದ 10 ವರ್ಷದವರಲ್ಲಿ 13, 11ರಿಂದ 18 ವರ್ಷದವರಲ್ಲಿ 15 ಆಗಿದೆ ಎಂದು ಆ ಸುತ್ತೋಲೆ ಹೇಳಿತು.

ಅದೇ ವರ್ಷ ಜೂನ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ, ಕಚೇರಿಗಳಲ್ಲೂ ಎಣ್ಣೆ ಮತ್ತು ಸಕ್ಕರೆಯ ಬೋರ್ಡು ಹಾಕಿ ಎಂದು ಸಲಹೆ ಕೊಟ್ಟಿತು. ಸುದ್ದಿ ಹಬ್ಬಿದ್ದು ಬೇರೆ ರೀತಿ! ಸಿಗರೇಟಿನ ಪ್ಯಾಕಿನ ಹಾಗೆ ಸಮೋಸ, ಜಿಲೇಬಿಗೂ ಎಚ್ಚರಿಕೆ ಅಂಟಿಸುತ್ತಾರಂತೆ ಎಂದು ಎಲ್ಲೆಡೆ ಗುಲ್ಲು. ಬೀದಿ ತಿಂಡಿಗೆ ಚೀಟಿ ಅಂಟಿಸಿ ಎಂದು ನಾವು ಹೇಳಿಲ್ಲ, ಇದು ಜನರಿಗೆ ತಿಳಿವಳಿಕೆ ಕೊಡುವ ಬೋರ್ಡು ಮಾತ್ರ ಎಂದು ಜುಲೈನಲ್ಲಿ ಸರ್ಕಾರವೇ ಸ್ಪಷ್ಟಪಡಿಸಬೇಕಾಯಿತು. ಸಕ್ಕರೆಯ ಮಾತೆತ್ತಿದರೆ ಬಾಯಿಯ ತುತ್ತನ್ನೇ ಕಸಿದುಕೊಂಡಂತೆ ನಮಗೆ ಸಿಟ್ಟು ಬರುತ್ತದೆ. ಆದರೆ ಎಷ್ಟಿದೆ ಎಂದು ಹೇಳುವುದು ಬೇರೆ, ತಿನ್ನಬೇಡ ಎನ್ನುವುದು ಬೇರೆ. ಬೆಲೆ ಬರೆದ ಮಾತ್ರಕ್ಕೆ ಕೊಳ್ಳಬೇಡ ಎಂದರ್ಥವೇ?

ನಮ್ಮ ತಿಂಡಿಗಳ ಚಮಚದ ಲೆಕ್ಕ

ಹೋಟೆಲಿನವರು ಬರೆಯುವವರೆಗೆ ನಾವು ಕಾಯಬೇಕಿಲ್ಲ. ಅಡಿಗೆ ಬಲ್ಲವರಿಗೆ ಅಂದಾಜು ಹಾಕುವುದು ಕಷ್ಟವಲ್ಲ. ಸಪಾಟಾದ ಒಂದು ಚಹಾ ಚಮಚವೆಂದರೆ ಸುಮಾರು 4 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದೇನೆಂದರೆ, ವಯಸ್ಕರಿಗೆ ದಿನಕ್ಕೆ 50 ಗ್ರಾಂ, ಅಂದರೆ 12 ಚಮಚ ಮೀರಬಾರದು. 25 ಗ್ರಾಂ, ಅಂದರೆ 6 ಚಮಚಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ಜೇನುತುಪ್ಪ, ಹಣ್ಣಿನ ಜ್ಯೂಸಿನ ಸಿಹಿಯೂ ಈ ಲೆಕ್ಕಕ್ಕೆ ಬರುತ್ತದೆ, ಬೆಲ್ಲವನ್ನೂ ಇದರಲ್ಲೇ ಎಣಿಸಬೇಕು. ಇಡೀ ಹಣ್ಣು ತಿಂದರೆ ಅದು ಬೇರೆ. ಈಗ ನನ್ನ ಅಡಿಗೆಮನೆಯ ಅಳತೆಯಿಂದ ನೋಡಿ:

ಚಹಾ: ಒಂದು ಕಪ್ಪಿಗೆ ಎರಡು ಚಮಚ ಹಾಕುವ ರೂಢಿ. ದಿನಕ್ಕೆ ಐದು ಕಪ್ಪು ಕುಡಿದರೆ ಹತ್ತು ಚಮಚ. ಬೇರೇನೂ ಸಿಹಿ ತಿನ್ನದೆಯೇ ದಿನದ ಲೆಕ್ಕ ಮುಗಿಯಿತು!

ಸಿರಾ: ಒಂದು ಕಪ್ಪು ರವೆಗೆ ಒಂದು ಕಪ್ಪು ಸಕ್ಕರೆ, ಅಂದರೆ ಸುಮಾರು 200 ಗ್ರಾಂ. ಆರು ಪ್ಲೇಟು ಮಾಡಿದರೆ ಒಂದೊಂದಕ್ಕೂ ಎಂಟು ಚಮಚ.

ಹೋಳಿಗೆ: ಕಾಲು ಕಿಲೋ ಬೇಳೆಗೆ ಕಾಲು ಕಿಲೋ ಬೆಲ್ಲ ಹಾಕಿ ಹದಿನೈದು ಹೋಳಿಗೆ ಮಾಡಿದರೆ ಒಂದರಲ್ಲಿ ನಾಲ್ಕು ಚಮಚದಷ್ಟು ಬೆಲ್ಲ.

ನಿಂಬೆ ಶರಬತ್ತು: ಒಂದು ದೊಡ್ಡ ಲೋಟಕ್ಕೆ ನಾಲ್ಕು ಚಮಚವಾದರೂ ಬೇಕು.

ಕೋಲಾ: 250 ಮಿಲಿಲೀಟರಿನ ಬಾಟಲಿಯಲ್ಲಿ ಆರು ಚಮಚಕ್ಕೂ ಮೇಲೆ. ಮಕ್ಕಳು ಒಂದೇ ಗುಟುಕಿಗೆ ಕುಡಿದು ಖಾಲಿ ಬಾಟಲಿ ಕೊಡುತ್ತಾರೆ.

ಒಗ್ಗರಣಿ: ರುಚಿಗೆ ಒಂದು ಚಿಟಿಕೆ ಹಾಕಿದರೂ ಆರು ಜನರಿಗೆ ಹಂಚಿಹೋಗುತ್ತದೆ. ಸಕ್ಕರೆಯ ಮಟ್ಟಿಗೆ ಚಿಂತೆಯಿಲ್ಲ. ಜೊತೆಗಿನ ಮಿರ್ಚಿಯ ಎಣ್ಣೆಯದು ಬೇರೆ ಕತೆ!

ಈ ಲೆಕ್ಕ ತಿಳಿದರೆ ಆರಿಸುವುದು ಸುಲಭ. ಸಿರಾ ತಿನ್ನಬೇಕೆನಿಸಿದ ದಿನ ಚಹಾದಲ್ಲಿ ಸಕ್ಕರೆ ಬಿಡಿ. ಹೋಳಿಗೆಯ ದಿನ ಶರಬತ್ತು ಬೇಡ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

"ಶುಗರ್‌ಲೆಸ್" ಎಂದರೆ ಮೋಸ ಹೋಗಬೇಡಿ

ಬೋರ್ಡು ನಮಗೆ ಸಹಾಯ ಮಾಡುವಂತೆ ದಾರಿಯನ್ನೂ ತಪ್ಪಿಸಬಲ್ಲದು. ಈಗ ಸಿಹಿ ಅಂಗಡಿಗಳಲ್ಲಿ, ಬೇಕರಿಗಳಲ್ಲಿ "ಶುಗರ್‌ಲೆಸ್" ಎಂಬ ಚೀಟಿ ಕಾಣುತ್ತದೆ. ನಿಯಮದ ಪ್ರಕಾರ ಪದಾರ್ಥವೊಂದನ್ನು ಸಕ್ಕರೆರಹಿತ ಎನ್ನಬೇಕಾದರೆ 100 ಗ್ರಾಂನಲ್ಲಿ ಅರ್ಧ ಗ್ರಾಂಗಿಂತ ಹೆಚ್ಚು ಸಕ್ಕರೆ ಇರಬಾರದು. ಖರ್ಜೂರ, ಬೆಲ್ಲ ಹಾಕಿ ಮಾಡಿದ ಉಂಡೆ ಎಷ್ಟೇ ರುಚಿಯಾಗಿದ್ದರೂ ಸಕ್ಕರೆರಹಿತ ಆಗುವುದಿಲ್ಲ. "ಸಕ್ಕರೆ ಹಾಕಿಲ್ಲ" ಎನ್ನುವುದು ಬೇರೆ, "ಸಿಹಿಯ ಅಂಶವಿಲ್ಲ" ಎನ್ನುವುದು ಬೇರೆ. ಮೇಲಾಗಿ ಮೈದಾ, ತುಪ್ಪ ಎಲ್ಲಿಗೆ ಹೋದವು? ಚೀಟಿ ನೋಡಿ ಸಮಾಧಾನವಾಗಿ ಒಂದರ ಬದಲು ಮೂರು ತಿಂದರೆ ಬಂದ ಲಾಭ ಹೋದ ನಷ್ಟ ಸರಿಹೋಯಿತು.

ಇನ್ನೊಂದು ಮುಖ್ಯ ಮಾತು. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ಕೆಲವೊಮ್ಮೆ ಸಕ್ಕರೆ ಇದ್ದಕ್ಕಿದ್ದಂತೆ ಇಳಿದು ಬೆವರು, ನಡುಕ, ತಲೆಸುತ್ತು ಬರುತ್ತದೆ. ಆಗ ತಡಮಾಡದೆ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಯಾರಿಗೆ ಎಷ್ಟು ಸಕ್ಕರೆ ಎಂಬ ಮಿತಿಯನ್ನು ಅವರವರ ಡಾಕ್ಟರೇ ಹೇಳಬೇಕು.

ನಾವೇ ಬರೆಯೋಣ

ಕಳೆದ ವರ್ಷ ನಮ್ಮ ಮನೆಯ ನಾಮಕರಣದಲ್ಲಿ ನಾವು ಎರಡು ಪಾತ್ರೆಗಳಲ್ಲಿ ಚಹಾ ಇಟ್ಟೆವು. ಒಂದಕ್ಕೆ "ಸಕ್ಕರೆ ಇದೆ", ಇನ್ನೊಂದಕ್ಕೆ "ಸಕ್ಕರೆ ಇಲ್ಲ, ಬೇಕಾದಷ್ಟು ಹಾಕಿಕೊಳ್ಳಿ" ಎಂದು ಮೈದುನನ ಮಗ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದ. ಪಕ್ಕದಲ್ಲಿ ಸಕ್ಕರೆ ಬಟ್ಟಲು, ಸಣ್ಣ ಚಮಚ. ಸಕ್ಕರೆ ಇಲ್ಲದ್ದು ಉಳಿಯುತ್ತದೆ, ಸುಮ್ಮನೆ ದಂಡ ಎಂದು ಅಡಿಗೆಯವರು ಗೊಣಗಿದರು. ಆದರೆ ಮೊದಲು ಖಾಲಿಯಾದದ್ದು ಅದೇ! ಯಾರನ್ನೂ ಕೇಳುವಂತಿಲ್ಲ, ಯಾರಿಗೂ ಹೇಳುವಂತಿಲ್ಲ. ಕೆಲವರು ಅರ್ಧ ಚಮಚ, ಕೆಲವರು ಒಂದು ಚಮಚ ಹಾಕಿಕೊಂಡರು. ಬಡಿಸುವಾಗ ಎರಡು ಹಾಕುವ ನಾವು, ಅವರವರ ಕೈಗೆ ಬಿಟ್ಟರೆ ಅಷ್ಟು ಬೇಡವೆನ್ನುತ್ತಾರೆ ಎಂಬುದು ಆ ದಿನ ತಿಳಿಯಿತು.

ಅಕ್ಷರ ಬಾರದ ಒಬ್ಬ ಅಜ್ಜಿ ಮಾತ್ರ, "ಏನವ್ವಾ ಅದು, ಏನು ಬರದೈತಿ?" ಎಂದು ಕೇಳಿದರು. ಆ ಮಾತೂ ಯೋಚಿಸಬೇಕಾದದ್ದೇ. ಹಳ್ಳಿಯ ಬೋರ್ಡಿನಲ್ಲಿ ಅಕ್ಷರದ ಜೊತೆ ಚಿತ್ರವಿರಬೇಕು. ಎರಡು ಚಮಚ ಸಕ್ಕರೆಯಾದರೆ ಎರಡು ಚಮಚದ ಚಿತ್ರ, ಇಲ್ಲವಾದರೆ ಖಾಲಿ ಲೋಟ. ಗ್ರಾಂ, ಕ್ಯಾಲೊರಿ ಯಾರಿಗೂ ಬೇಕಾಗಿಲ್ಲ.

ಮನೆಯ ಕಾರ್ಯಗಳಲ್ಲಿ, ಮಹಿಳಾ ಸಂಘದ ಸಭೆಗಳಲ್ಲಿ, ಜಾತ್ರೆಯ ಅಂಗಡಿಗಳಲ್ಲಿ ಇದಕ್ಕೆ ಖರ್ಚೇನೂ ಇಲ್ಲ. ಒಂದು ರಟ್ಟು, ಒಂದು ಬಟ್ಟಲು. ಸಕ್ಕರೆ ಕಡಿಮೆ ಹಾಕಿದರೆ ಜಿಪುಣಿ ಎಂದಾರು ಎಂಬ ಹೆದರಿಕೆ ಬೇಡ. ಬಟ್ಟಲು ತುಂಬ ಸಕ್ಕರೆ ಎದುರಿಗೇ ಇಟ್ಟಿದ್ದೀರಲ್ಲ!

ಹೋಟೆಲಿನವರಿಗೂ ಹೇಳಿ ನೋಡಿ. ಸಕ್ಕರೆ ಹಾಕದೆ ಚಹಾ ಕುದಿಸಿ, ಲೋಟಕ್ಕೆ ಹಾಕುವಾಗ ಸೇರಿಸಿದರೆ ಅವರಿಗೇನೂ ನಷ್ಟವಿಲ್ಲ, ಸಕ್ಕರೆಯ ಖರ್ಚೂ ಉಳಿಯುತ್ತದೆ. ಬೋರ್ಡಿನಲ್ಲಿ ಒಂದು ಸಾಲು ಹೆಚ್ಚಿಗೆ ಬರೆಯಲಿ: "ಸಕ್ಕರೆ ಇಲ್ಲದ ಚಹಾ". ಕಾಯಿಲೆ ಇದ್ದವರು ಯಾರ ಮುಂದೆಯೂ ತಲೆ ತಗ್ಗಿಸದೆ, ನಾಲ್ಕು ಜನರ ನಡುವೆ ಕೂತು ಅದನ್ನೇ ಕೇಳಿ ಕುಡಿಯಲಿ. ನಿಮ್ಮೂರಿನ ಹೋಟೆಲಿನವರನ್ನು ಈ ವಾರವೇ ಕೇಳಿ ನೋಡುತ್ತೀರಲ್ಲ?